ಹಿತ್ತಾಳೆಯ ಕೊರಳು

ಸಂಗೀತಪ್ರಿಯರಲ್ಲಿ ಸಂಕಲನ ಮುದ್ರಿಕೆಗಳನ್ನು ಕಂಡರೆ ಮೂಗು ಮುರಿಯುವ ಪಂಗಡವೊಂದು ಉಂಟು. ಕಲಾವಿದನು ಒಂದು ಹೊತ್ತಿನ ಮನೋಧರ್ಮದಿಂದ, ಒಂದು ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ನುಡಿಸಿದ್ದನ್ನು ಯಾವನೋ ವ್ಯಾಪಾರಿ ಕತ್ತರಿಸಿ, ಇಲ್ಲಿಂದ ನಾಲ್ಕು, ಅಲ್ಲಿಂದ ಮೂರು ಆಯ್ದು, ಒಂದೇ ಬುಟ್ಟಿಗೆ ತುಂಬಿ ಮಾರುವುದು ಅವರ ದೃಷ್ಟಿಯಲ್ಲಿ ಅಪಚಾರ. ಮದುವೆಯೂಟದ ಭಕ್ಷ್ಯಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಿಕೊಂಡು ಮನೆಗೊಯ್ದಂತೆ ಎಂಬುದು ಅವರ ಆಕ್ಷೇಪಣೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಮದುವೆಗೆ ಹೋಗಲಾರದೆ ಮನೆಯಲ್ಲಿ ಉಳಿದವರಿಗೆ ಆ ಡಬ್ಬಿಯೇ ಮದುವೆ!

ಲಿಂಗಸುಗೂರಿನ ಮೇಷ್ಟ್ರು ಹಾಗೆ ಮನೆಯಲ್ಲಿ ಉಳಿದವರು. ಮೂವತ್ತಾರು ವರ್ಷ ಪ್ರೌಢಶಾಲೆಯ ಹುಡುಗರಿಗೆ ಗಣಿತ ಕಲಿಸಿ ನಿವೃತ್ತರಾದವರು. ಸಂಗೀತವೆಂದರೆ ಅವರಿಗೆ ಕಲಬುರಗಿ ಆಕಾಶವಾಣಿ, ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ, ಶ್ರಾವಣದಲ್ಲಿ ಮಠದ ಅಂಗಳದ ಭಜನೆ; ಇಷ್ಟೆ. ಅಮೆರಿಕೆಯಲ್ಲಿರುವ ಅವರ ತಂಗಿಯ ಮಗನು ಎರಡು ವರ್ಷಕ್ಕೊಮ್ಮೆ ಬರುವಾಗ ಏನಾದರೂ ತರುವುದು ವಾಡಿಕೆ. ಒಮ್ಮೆ ಶಾಲು, ಒಮ್ಮೆ ಮಂಡಿನೋವಿನ ಮಾತ್ರೆ. ಈ ಸಲ ತಂದುಕೊಟ್ಟದ್ದು ಪಾಲ್ ಡೆಸ್ಮಂಡ್ ಎಂಬ ಸ್ಯಾಕ್ಸೋಫೋನ್ ವಾದಕರ ಒಂದು ಸಂಕಲನ ಮುದ್ರಿಕೆ. ಅದರ ಜೊತೆಗೆ, ಅದನ್ನು ನುಡಿಸಲು ಅಂಗೈಯಗಲದ ಒಂದು ಯಂತ್ರ.

"ಇದು ಮಾಮಾ, ಗದ್ದಲದ ಜಾಝ್ ಅಲ್ಲ, ತಣ್ಣಗಿರುವ ಜಾಝ್" ಎಂದು ಹುಡುಗ ಹೇಳಿದನಂತೆ. ಏಪ್ರಿಲ್ ತಿಂಗಳ ರಾಯಚೂರು ಜಿಲ್ಲೆಯಲ್ಲಿ ತಣ್ಣಗಿರುವುದು ಯಾವುದಾದರೇನು, ಬೇಡವೆನ್ನುವವರು ಯಾರು?

ಹುಡುಗನ ಮಾತು ತಮಾಷೆಯದಲ್ಲ. 1940ರ ದಶಕದ ಜಾಝ್ ಸಂಗೀತವು ಮಿಂಚಿನ ವೇಗದ್ದು; ಅದರ ನಾಯಕಮಣಿಗಳಲ್ಲೊಬ್ಬರಾದ ಚಾರ್ಲಿ ಪಾರ್ಕರರೂ ಇದೇ ವಾದ್ಯದವರೇ. ಆ ದಶಕದ ಕೊನೆಗೆ ಕೆಲವರು ವೇಗವನ್ನು ಬಿಟ್ಟು ನಯವನ್ನು ಹಿಡಿದರು. ದನಿಯನ್ನು ತಗ್ಗಿಸಿದರು, ರಾಗಕ್ಕೆ ಬಿಡುವು ಕೊಟ್ಟರು. ಆ ದಾರಿಗೆ 'ಕೂಲ್' ಎಂಬ ವಿಶೇಷಣ ಅಂಟಿತು. ಅದರ ಹೆಸರನ್ನು ಸ್ಥಿರಗೊಳಿಸಿದ ಮೈಲ್ಸ್ ಡೇವಿಸರ ಪ್ರಸಿದ್ಧ ಮುದ್ರಿಕೆಯೇ ಒಂದು ಸಂಕಲನ. 1949 ಮತ್ತು 1950ರಲ್ಲಿ ಬಿಡಿಬಿಡಿಯಾಗಿ ಧ್ವನಿಮುದ್ರಿಸಿದ್ದನ್ನು 1957ರಲ್ಲಿ ಒಟ್ಟುಗೂಡಿಸಿ ಹೊರತಂದರು. ಸಂಕಲನವನ್ನು ಹಳಿಯುವ ಮಹಾಶಯರು ಇದನ್ನು ಸ್ವಲ್ಪ ಯೋಚಿಸಬೇಕು.

ಡೆಸ್ಮಂಡರು 1924ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದವರು. ಮನೆತನದ ಹೆಸರು ಬ್ರೈಟನ್‌ಫೆಲ್ಡ್. ಡೆಸ್ಮಂಡ್ ಎಂಬುದನ್ನು ಟೆಲಿಫೋನ್ ಡೈರೆಕ್ಟರಿಯಿಂದ ಆರಿಸಿಕೊಂಡದ್ದೆಂದು ತಾವೇ ಹೇಳಿಕೊಳ್ಳುತ್ತಿದ್ದರಂತೆ. 1951ರಿಂದ 1967ರ ವರೆಗೆ ಅವರು ಡೇವ್ ಬ್ರೂಬೆಕ್ ಎಂಬ ಪಿಯಾನೋ ವಾದಕರ ಚತುಷ್ಟಯದಲ್ಲಿ ನುಡಿಸಿದರು. ಆ ಮೇಳದ ಹೆಸರು ಬ್ರೂಬೆಕರದು, ಕೀರ್ತಿಯೂ ಬಹುಮಟ್ಟಿಗೆ ಅವರದೇ. 1959ರಲ್ಲಿ ಮುದ್ರಿತವಾದ 'ಟೇಕ್ ಫೈವ್' ಎಂಬ ಕೃತಿಯು ಲೋಕವನ್ನೆಲ್ಲ ಸುತ್ತಿತು. ಅದನ್ನು ಬ್ರೂಬೆಕರ ರಚನೆಯೆಂದೇ ನಂಬಿದವರು ಇಂದಿಗೂ ಅಸಂಖ್ಯರು. ರಚಿಸಿದವರು ಡೆಸ್ಮಂಡರು. 1977ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಳ್ಳುವಾಗ ಅವರು ಆ ಕೃತಿಯ ಗೌರವಧನವನ್ನು ಅಮೆರಿಕೆಯ ರೆಡ್ ಕ್ರಾಸ್ ಸಂಸ್ಥೆಗೆ ಬರೆದಿಟ್ಟರು.

ಇವೆಲ್ಲವನ್ನೂ ಮೇಷ್ಟ್ರು ಆಮೇಲೆ ತಿಳಿದುಕೊಂಡದ್ದು. ಮೊದಲ ದಿನ ಅವರಿಗೆ ತಗಲಿಕೊಂಡದ್ದು ಲೆಕ್ಕ. 'ಟೇಕ್ ಫೈವ್' ನುಡಿಯತೊಡಗಿದಾಗ ಎಂದಿನಂತೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕಿತು. ನಾಲ್ಕಕ್ಕೆ ಕೂಡಲಿಲ್ಲ, ಮೂರಕ್ಕೆ ಕೂಡಲಿಲ್ಲ. ಐದಕ್ಕೆ ಕೂಡಿತು! ಝಪತಾಲದ ಕೂಸು ಇದೆಂದು ಹಿಗ್ಗಿ, ಎರಡು-ಮೂರು, ಎರಡು-ಮೂರು ಎಂದು ಹಾಕುತ್ತ ಹೋದರೆ ಪಿಯಾನೋ ಜೊತೆಗೆ ಬರಲೊಲ್ಲದು. ಅರ್ಧ ಗಂಟೆಯ ನಂತರ ಗುಟ್ಟು ತಿಳಿಯಿತು. ಇಲ್ಲಿ ಮೂರು ಮೊದಲು, ಎರಡು ಆಮೇಲೆ. ನಮ್ಮ ಖಂಡ ಛಾಪು 'ತಕ ತಕಿಟ' ಎಂದು ನಡೆದರೆ ಇವರದು 'ತಕಿಟ ತಕ' ಎಂದು ನಡೆಯುತ್ತದೆ. ಅಡುಗೆಮನೆಯಿಂದ ಇಣುಕಿ ನೋಡಿದ ಮೇಷ್ಟ್ರ ಪತ್ನಿಯು, ವಯಸ್ಸಾದ ಗಂಡಸು ಒಬ್ಬರೇ ಕುಳಿತು ತೊಡೆ ತಟ್ಟಿಕೊಂಡು ನಗುತ್ತಿದ್ದುದನ್ನು ಕಂಡು ಏನೂ ಹೇಳದೆ ಒಳಗೆ ಹೋದರು.

ಈ ಐದರ ನಡೆಯ ಹಿಂದೆ ಒಂದು ಪ್ರಯಾಣದ ಕಥೆಯೂ ಇದೆ. 1958ರಲ್ಲಿ ಅಮೆರಿಕೆಯ ಸರ್ಕಾರವು ಬ್ರೂಬೆಕರ ಮೇಳವನ್ನು ಪೂರ್ವದೇಶಗಳಿಗೆ ಕಳುಹಿಸಿತು. ಇಸ್ತಾಂಬುಲ್ ನಗರದ ಬೀದಿಯಲ್ಲಿ ವಾದ್ಯದವರು ಒಂಬತ್ತರ ಲಯವೊಂದನ್ನು ಸಲೀಸಾಗಿ ನುಡಿಸುತ್ತಿದ್ದುದನ್ನು ಬ್ರೂಬೆಕರು ಕೇಳಿದರು. ಭಾರತಕ್ಕೂ ಬಂದು ಮುಂಬಯಿ, ದೆಹಲಿ, ಮದರಾಸುಗಳಲ್ಲಿ ನುಡಿಸಿದರು; ಮುಂಬಯಿಯಲ್ಲಿ ಸಿತಾರ್ ವಾದಕ ಅಬ್ದುಲ್ ಹಲೀಮ್ ಜಾಫರ್ ಖಾನರ ಜೊತೆ ಕುಳಿತರು. ಊರಿಗೆ ಮರಳಿದ ಮೇಲೆ, ರೂಢಿಯ ನಾಲ್ಕನ್ನು ಬಿಟ್ಟ ಲಯಗಳ ಮುದ್ರಿಕೆಯೊಂದನ್ನು 1959ರಲ್ಲಿ ಹೊರತಂದರು. 'ಟೇಕ್ ಫೈವ್' ಬಂದದ್ದು ಅದರಲ್ಲಿಯೇ. ಇಸ್ತಾಂಬುಲಿನ ಆ ಬೀದಿಯ ವಾದ್ಯದವರ ಹೆಸರು ಮಾತ್ರ ಮುದ್ರಿಕೆಯ ಹೊದಿಕೆಯ ಮೇಲಿಲ್ಲ.

ಹೆಸರಿನ ಮಾತು ಬಂದಾಗ ಮಸ್ಕಿಯನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯ ನಡುವೆ ಮಸ್ಕಿ ಸಿಕ್ಕುತ್ತದೆ. 1915ರಲ್ಲಿ, ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರರಿಗೆ ಇಲ್ಲಿನ ಬಂಡೆಯೊಂದರ ಮೇಲೆ ಅಕ್ಷರಗಳು ಕಂಡವು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ' ಎಂಬ ಬಿರುದಷ್ಟೇ, ರಾಜನ ಹೆಸರಿಲ್ಲ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಪಕ್ಕದಲ್ಲಿಯೇ 'ಅಶೋಕ' ಎಂದು ಕೊರೆದಿತ್ತು. ಮುಂದೆ ಗುಜರ್ರಾ, ನಿಟ್ಟೂರು, ಉಡೆಗೋಳಗಳಲ್ಲಿಯೂ ಆ ಹೆಸರು ದೊರೆಯಿತು. ಆದರೂ ಮೊದಲು ಬಾಯಿಬಿಟ್ಟದ್ದು ಮಸ್ಕಿಯ ಕಲ್ಲು. ಎರಡು ಸಾವಿರಕ್ಕೂ ಮಿಕ್ಕಿದ ವರ್ಷ ಒಬ್ಬ ಚಕ್ರವರ್ತಿಯ ಹೆಸರು ಬಿರುದಿನ ಮರೆಯಲ್ಲಿ ಅಡಗಿ ಕುಳಿತಿತ್ತೆಂದ ಮೇಲೆ, ಬ್ಯಾಂಡಿನವನ ಹೆಸರನ್ನು ಯಾರು ಕೇಳುತ್ತಾರೆ?

ಆ ಮಸ್ಕಿಯಲ್ಲಿಯೇ ಒಬ್ಬ ಬ್ಯಾಂಡ್ ಮಾಸ್ತರರಿದ್ದಾರೆ. ವಯಸ್ಸು ಅರವತ್ತನ್ನು ದಾಟಿದೆ. ತಂದೆಯು ಕ್ಲಾರಿಯೊನೆಟ್ ಊದುತ್ತಿದ್ದರು. ಇವರು ಸ್ಯಾಕ್ಸೋಫೋನ್ ಹಿಡಿದರು. ಸಿಂಧನೂರಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆ ನೀರು ತಂದಿತು. ನೀರು ಬತ್ತವನ್ನು ತಂದಿತು. ಬತ್ತವು ಅಕ್ಕಿಯ ಗಿರಣಿಗಳನ್ನೂ, ಆಂಧ್ರದ ಕೃಷಿಕರ ಕ್ಯಾಂಪುಗಳನ್ನೂ, ದೊಡ್ಡ ದೊಡ್ಡ ಮದುವೆಗಳನ್ನೂ ತಂದಿತು. ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಕ್ಯಾಂಪುಗಳೂ ಅಲ್ಲಿಯೇ ನೆಲೆನಿಂತವು. ಬಂದವರನ್ನು ಮನೆಯವರನ್ನಾಗಿ ಮಾಡಿಕೊಳ್ಳುವುದು ಆ ಊರಿಗೆ ಹೊಸದಲ್ಲ. ಈ ಎಲ್ಲರ ಮದುವೆಗಳಲ್ಲಿಯೂ ಮಾಸ್ತರರ ಸ್ಯಾಕ್ಸೋಫೋನ್ ಮೊಳಗಿದೆ. ತೆಲುಗಿನವರಿಗೆ ತೆಲುಗಿನ ಹಾಡು, ಬಂಗಾಳಿಗಳಿಗೆ ಹಿಂದಿಯದು, ಕನ್ನಡಿಗರಿಗೆ ಮೂರೂ. ಈಗ ಲಾರಿಯ ಮೇಲೆ ಪೆಟ್ಟಿಗೆಗಳನ್ನು ಪೇರಿಸಿಕೊಂಡು ಬರುವ ಡೀಜೆ ಎಂಬ ಯಂತ್ರವು ಈ ಕೆಲಸವನ್ನು ಕಸಿದುಕೊಂಡಿದೆ. ಮಾಸ್ತರರ ಮಗನು ಗಿರಣಿಯ ಲೆಕ್ಕ ಬರೆಯುತ್ತಾನೆ. ವಾದ್ಯವು ಗೋಡೆಗೆ ತೂಗುತ್ತಿದೆ. ಸಿಂಧನೂರಿನ ಮೋಡಕಾ ವ್ಯಾಪಾರಿಯೊಬ್ಬನು ಅದಕ್ಕೆ ಬೆಲೆಯನ್ನೂ ಹೇಳಿದ್ದಾನೆ, ಕಿಲೋ ಲೆಕ್ಕದಲ್ಲಿ. ಆಲ್ಟೋ ಸ್ಯಾಕ್ಸೋಫೋನಿನ ತೂಕ ಸುಮಾರು ಎರಡೂವರೆ ಕಿಲೋ. ನಲವತ್ತು ವರ್ಷದ ಉಸಿರಿಗೆ ತಕ್ಕಡಿಯಲ್ಲಿ ತೂಕವಿಲ್ಲ.

ಈ ಮಾಸ್ತರರ ಹೆಸರನ್ನು ಇಲ್ಲಿ ಅಚ್ಚು ಹಾಕಬಾರದೆಂದು ಅವರದೇ ಕಟ್ಟಾಜ್ಞೆ. ಹೆಸರು ಪತ್ರಿಕೆಯಲ್ಲಿ ಬಂದರೆ ಉಳಿದ ಬ್ಯಾಂಡಿನವರು ಚಹಾ ಕೊಡಿಸೆಂದು ಗಂಟುಬೀಳುತ್ತಾರೆಂಬ ಭಯ ಅವರಿಗೆ. ಮಸ್ಕಿಯ ಬಂಡೆಗಿದ್ದ ಔದಾರ್ಯವನ್ನು ತೋರಲು ಹೀಗೆ ಅಡ್ಡಿಯಾಗಿದೆ.

ಮೇಷ್ಟ್ರು ಈ ಮಾಸ್ತರರನ್ನು ಬಲ್ಲರು. ಶಾಲೆಯ ಸ್ವಾತಂತ್ರ್ಯೋತ್ಸವದ ಮೆರವಣಿಗೆಗೆ ಆ ಬ್ಯಾಂಡೇ ಬರುತ್ತಿತ್ತು. ಮುದ್ರಿಕೆಯನ್ನು ಹದಿನೈದು ದಿನ ಕೇಳಿದ ಮೇಲೆ ಅವರಿಗೆ ಒಂದು ಯೋಚನೆ ಬಂದಿತು. ಈ ವಾದ್ಯವನ್ನು ಬಾಯಲ್ಲಿಟ್ಟುಕೊಂಡು ಬಾಳಿದ ಒಬ್ಬನು ಇದನ್ನು ಕೇಳಿದರೆ ಏನೆನ್ನಬಹುದು? ಒಂದು ಬೆಳಗ್ಗೆ ಯಂತ್ರವನ್ನು ಕೈಚೀಲದಲ್ಲಿಟ್ಟುಕೊಂಡು ಮಸ್ಕಿಯ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಮೇಷ್ಟ್ರ ಮನಸ್ಸಿನಲ್ಲಿದ್ದವರು ಕದ್ರಿ ಗೋಪಾಲನಾಥರು. ಕನ್ನಡನಾಡಿನಲ್ಲಿ ಸ್ಯಾಕ್ಸೋಫೋನ್ ಎಂದೊಡನೆ ಬೇರಾರ ನೆನಪು ಬಂದೀತು? ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಹುಡುಗ. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕಂಡು ಮರುಳಾದನು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರರ ಬಳಿ, ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಬಳಿ ಶಿಕ್ಷಣವಾಯಿತು. ಕೀಲಿಗಳನ್ನು ಒತ್ತಿದರೆ ಬಿಡಿಬಿಡಿ ಸ್ವರ ಹೊರಡುವ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕವನ್ನು ತರುವುದೆಂದರೆ ಮೆಟ್ಟಿಲಿನ ಮೇಲೆ ನೀರು ಹರಿಸಿ ಅದನ್ನು ಇಳಿಜಾರೆಂದು ನಂಬಿಸುವ ಕೆಲಸ. ತುಟಿ, ಉಸಿರು, ಅರ್ಧ ತೆರೆದ ಕೀಲಿ, ಇವುಗಳಿಂದ ವರ್ಷಗಟ್ಟಲೆ ಹೆಣಗಿ ಅವರು ನಂಬಿಸಿಯೇ ಬಿಟ್ಟರು. 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕೆಯ ಜಾನ್ ಹ್ಯಾಂಡಿಯವರ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವಕ್ಕೆ ಹೋದರು. ಅದೇ ವರ್ಷ 'ಡ್ಯುಯೆಟ್' ಎಂಬ ತಮಿಳು ಚಿತ್ರದಲ್ಲಿ ಅವರ ವಾದನವು ಮನೆಮನೆಗೆ ಮುಟ್ಟಿತು. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಅವರು ಮಂಗಳೂರಿನಲ್ಲಿ ನಿಧನರಾದರು.

ಅವರ ಮುದ್ರಿಕೆಯೊಂದು ಅಮೆರಿಕೆಯಲ್ಲಿ ಮಾಡಿದ ಕೆಲಸ ಇನ್ನೂ ಸ್ವಾರಸ್ಯವಾದದ್ದು. ಕೊಲರಾಡೋ ರಾಜ್ಯದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ತರುಣನು ಜಾಝ್ ಸ್ಯಾಕ್ಸೋಫೋನ್ ಕಲಿಯುತ್ತಿದ್ದನು. ಭಾರತೀಯ ಶೈಲಿಯ ಸ್ಯಾಕ್ಸೋಫೋನ್ ಎಂಬರ್ಥದ ಹೆಸರು ಹೊತ್ತ ಕದ್ರಿಯವರ ಮುದ್ರಿಕೆಯನ್ನು ಅವನ ಅಣ್ಣನು ವಿನೋದಕ್ಕೆಂದು ಕೊಟ್ಟನು. ವಿನೋದವು ಗಂಭೀರವಾಗಿ ಪರಿಣಮಿಸಿತು. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್', ಎಂದರೆ ಬಂಧುಗಳು, ಎಂಬ ಮುದ್ರಿಕೆಯನ್ನು ಹೊರತಂದರು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರು ಶ್ರೀಜಿ. ಲಿಂಗಸುಗೂರಿನ ಸಂತೆಯಲ್ಲಿ ನಿಂತು "ಮಹಾಂತಪ್ಪ!" ಎಂದು ಕೂಗಿದರೆ ನಾಲ್ವರಾದರೂ ತಿರುಗಿ ನೋಡುತ್ತಾರೆ. ಆ ಹೆಸರು ಅಮೆರಿಕೆಯ ಜಾಝ್ ಮುದ್ರಿಕೆಯ ಮೇಲಿರುವುದನ್ನು ಕೇಳಿ ಮೇಷ್ಟ್ರಿಗೆ ತಮ್ಮ ಶಾಲೆಯ ಹಾಜರಿ ಪುಸ್ತಕವೇ ನೆನಪಾಯಿತಂತೆ.

ಮಸ್ಕಿಯ ಮನೆ ಚಿಕ್ಕದು. ಮಾಸ್ತರರು ಮೇಷ್ಟ್ರಿಗೆ ಕುರ್ಚಿ ಕೊಟ್ಟು ತಾವು ಹೊಸ್ತಿಲ ಮೇಲೆ ಕುಳಿತರು. ಮೇಷ್ಟ್ರು ಕುರ್ಚಿಯನ್ನು ಬಿಟ್ಟು ಚಾಪೆಯ ಮೇಲೆ ಕುಳಿತು, ಯಂತ್ರವನ್ನು ಇಬ್ಬರ ನಡುವೆ ಇಟ್ಟರು. ಮೊದಲಿಗೆ 'ಟೇಕ್ ಫೈವ್'. ಮಾಸ್ತರರ ಮುಖದಲ್ಲಿ ಏನೂ ಕಾಣಲಿಲ್ಲ. ಐದರ ಲೆಕ್ಕ ಅವರಿಗೆ ಆಶ್ಚರ್ಯವನ್ನೇ ಉಂಟುಮಾಡಲಿಲ್ಲ. ಡೊಳ್ಳಿನವರ ಜೊತೆ ಬಾಳಿದವರಿಗೆ ಲಯದ ತಿರುವುಗಳು ಹೊಸವಲ್ಲ. ಅನಂತರ ಬಂದದ್ದು ಜಿಮ್ ಹಾಲ್ ಎಂಬವರ ಗಿಟಾರಿನ ಜೊತೆಗಿನ ಒಂದು ವಿಲಂಬದ ತುಣುಕು. ಅಲ್ಲಿ ಪಿಯಾನೋ ಇಲ್ಲ. ಗಿಟಾರು ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಸ್ಯಾಕ್ಸೋಫೋನು ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಕೊಡುತ್ತದೆ. ಡೆಸ್ಮಂಡರ ದನಿಯಲ್ಲಿ ಹಿತ್ತಾಳೆಯ ಸೋಂಕೇ ಇಲ್ಲ. ಸ್ವರದ ತುದಿಯಲ್ಲಿ ನಡುಕವಿಲ್ಲ, ಅಬ್ಬರವಿಲ್ಲ. ಹೊಗೆಯ ಎಳೆಯೊಂದು ಕಿಟಕಿಯ ಕಡೆಗೆ ತೇಲಿದಂತೆ ರಾಗವು ತೇಲುತ್ತದೆ.

ಮಾಸ್ತರರು ಮುಂದಕ್ಕೆ ಬಾಗಿದರು. "ಇಂವ ಊದಂಗಿಲ್ರಿ, ಮೇಷ್ಟ್ರ, ಮಾತಾಡ್ತಾನ" ಎಂದರು.

ತುಣುಕು ಮುಗಿಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಇವಗ ಮೈಕು ಐತ್ರಿ. ನಾವು ಹಿಂಗ ಊದಿದ್ರ ಮೆರವಣಿಗಿಯಾಗ ಯಾರಿಗಿ ಕೇಳಸ್ತದ? ಮುಂದ ಡ್ರಮ್ಮು, ಹಿಂದ ಮಂದಿ, ಮ್ಯಾಲ ಪಟಾಕಿ. ನಲವತ್ತ ವರ್ಷ ನಾ ಬರೇ ಚೀರೀನ್ರಿ."

ಈ ಮಾತಿನಲ್ಲಿ ಪಂಡಿತರ ಗ್ರಂಥಗಳಲ್ಲಿ ಸುಲಭವಾಗಿ ಸಿಕ್ಕದ ವಿಮರ್ಶೆಯಿದೆ. ಬೆಲ್ಜಿಯಮ್ ದೇಶದ ಅಡಾಲ್ಫ್ ಸ್ಯಾಕ್ಸ್ ಈ ವಾದ್ಯವನ್ನು ನಿರ್ಮಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದಾಗ ಅವನ ಕಣ್ಣಿದ್ದದ್ದು ಸೈನ್ಯದ ಬ್ಯಾಂಡುಗಳ ಮೇಲೆ. ಮೈ ಹಿತ್ತಾಳೆಯದು, ನಾಲಿಗೆ ಜೊಂಡಿನದು. ಹಿತ್ತಾಳೆಯ ಜೋರು, ಜೊಂಡಿನ ನಯ, ಎರಡೂ ಕೂಡಲೆಂಬುದು ಅವನ ಆಸೆ. ಬಯಲಿನಲ್ಲಿ ನಡೆಯುವವರಿಗೆ ಜೋರು ಬಂದಿತು. ಒಳಕೋಣೆಯಲ್ಲಿ ಮೈಕಿನ ಮುಂದೆ ನಿಂತವರಿಗೆ ನಯ ಬಂದಿತು. ಡೆಸ್ಮಂಡರ ಪ್ರತಿಭೆಯನ್ನು ಇದರಿಂದ ಕಡಿಮೆ ಮಾಡಿದಂತಾಗುವುದಿಲ್ಲ. ಮೈಕಿನ ಮುಂದೆ ನಿಂತವರೆಲ್ಲ ಡೆಸ್ಮಂಡರಾಗಲಿಲ್ಲ. ಆದರೆ ಮೆಲ್ಲನೆ ನುಡಿದರೂ ಕಿವಿಗೊಡುವ ಜನ ಎದುರಿಗಿರಬೇಕು. ಮದುವೆಯ ಮನೆಯಲ್ಲಿ ಬ್ಯಾಂಡಿನವರಿಗೆ ಚಪ್ಪರದ ಹೊರಗೆ ಜಾಗ. ಊಟಕ್ಕೆ ಕೊನೆಯ ಪಂಕ್ತಿ. ಅವರು ನಿಲ್ಲಿಸಿದಾಗ ಮಾತ್ರ ಜನರಿಗೆ ಅವರ ನೆನಪು.

ಮೇಷ್ಟ್ರು ಗೋಡೆಯ ಕಡೆಗೆ ನೋಡಿದರು. ಮಾಸ್ತರರು ಎದ್ದು, ವಾದ್ಯವನ್ನು ಇಳಿಸಿ, ಪಂಚೆಯ ತುದಿಯಿಂದ ಧೂಳೊರೆಸಿದರು. ಒಂದೆರಡು ಕೀಲಿಗಳಿಗೆ ರಬ್ಬರ್ ಪಟ್ಟಿ ಸುತ್ತಿತ್ತು. ಬಾಯಿಗಿಟ್ಟು ಊದಿದರೆ ಮೊದಲು ಬಂದದ್ದು ಮೆರವಣಿಗೆಯ ಕೂಗೇ. ಎದುರು ಮನೆಯ ಮಕ್ಕಳು ಓಡಿಬಂದು ಬಾಗಿಲಲ್ಲಿ ನಿಂತವು. ಮಾಸ್ತರರು ತಲೆಯಲ್ಲಾಡಿಸಿದರು. ಎರಡನೆಯ ಸಲ ಉಸಿರನ್ನು ಹಿಡಿದು, ತುಟಿಯನ್ನು ಸಡಿಲಿಸಿ, ಕೆಳಗಿನ ಸ್ವರವೊಂದನ್ನು ಮುಟ್ಟಿದರು. ದನಿ ಒಡೆಯಿತು. ಮೂರನೆಯ ಸಲ ನಿಂತಿತು. ಹೊರಗೆ ಹೆದ್ದಾರಿಯ ಮೇಲೆ ಬತ್ತದ ಲಾರಿಯೊಂದು ಹೋಯಿತು; ಅದರ ಸದ್ದಿನ ಅಡಿಯಲ್ಲಿ ಆ ಸ್ವರ ಮುಳುಗಿ, ಲಾರಿ ದೂರವಾದ ಮೇಲೆ ಇನ್ನೂ ಅಲ್ಲಿಯೇ ಇತ್ತು. ಅಡುಗೆಮನೆಯಲ್ಲಿ ಪಾತ್ರೆಯ ಶಬ್ದ ನಿಂತಿತು. ಮಾಸ್ತರರ ಹೆಂಡತಿಯು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಇದು ಯಾವ ಹಾಡು? ನಾ ಕೇಳೇ ಇಲ್ಲಲ್ಲ" ಎಂದರು. ಹಾಡು ಯಾವುದೂ ಆಗಿರಲಿಲ್ಲ. ನಾಲ್ಕು ಸ್ವರ, ಮೆಲ್ಲನೆ, ಅಷ್ಟೆ.

ಹತ್ತು ನಿಮಿಷದಲ್ಲಿ ಮಾಸ್ತರರು ದಣಿದರು. ಮೆಲ್ಲಗೆ ಊದುವುದಕ್ಕೆ ಜೋರಾಗಿ ಊದುವುದಕ್ಕಿಂತ ಹೆಚ್ಚು ಉಸಿರು ಬೇಕೆಂದು ಅವರು ಸ್ವಲ್ಪ ಕೋಪದಿಂದಲೇ ಹೇಳಿದರು. ಬಾಯಿಯ ತುಂಡನ್ನು ಬಿಚ್ಚಿ, ಒಳಗಿನ ಜೊಂಡಿನ ಸೀಳನ್ನು ಬೆಳಕಿಗೆ ಹಿಡಿದರು. ಅದರ ತುದಿ ಸವೆದು, ಒಂದು ಕಡೆ ಎಳೆ ಬಿಟ್ಟಿತ್ತು. ಇಂಥದ್ದು ಸಿಂಧನೂರಿನಲ್ಲಿ ಸಿಕ್ಕುವುದಿಲ್ಲ, ಹೈದರಾಬಾದಿಗೇ ಹೋಗಬೇಕು. ಇಷ್ಟು ದಿನ ಅದರ ಅವಶ್ಯಕತೆಯೂ ಇರಲಿಲ್ಲ.

ಮೋಡಕಾ ವ್ಯಾಪಾರಿಯ ಮಾತನ್ನು ಮೇಷ್ಟ್ರು ಎತ್ತಲಿಲ್ಲ, ಮಾಸ್ತರರೂ ಎತ್ತಲಿಲ್ಲ. ಲಿಂಗಸುಗೂರಿನ ಬಸ್ಸಿಗೆ ಹತ್ತಿಸಲು ನಿಲ್ದಾಣದ ವರೆಗೆ ಬಂದ ಮಾಸ್ತರರು, ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಸರಳು ಹಿಡಿದು ಕೇಳಿದರು:

"ನಿಮ್ಮ ಅಳಿಯ ಮತ್ತ ಯಾವಾಗ ಬರ್ತಾನ್ರಿ? ಬರುವಾಗ ಒಂದ್ ಡಬ್ಬಿ ರೀಡು ತರಾಕ ಹೇಳ್ರಿ. ಎರಡೂವರಿ ನಂಬರಿಂದು. ದುಡ್ಡು ನಾ ಕೊಡ್ತೀನಿ."